ಹಲ್ಲಿಗಿಟ್ಟ ಹೆಸರು

ಊಟದ ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ, ಮಗಳು ಶಾರ್ಕಿನ ಹಲ್ಲುಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಇಟ್ಟಳು. ಎಲ್ಲವೂ ಎಂದೋ ಕಲ್ಲಾದ ಹಲ್ಲುಗಳು. ಕೊನೆಯದು ಅವಳ ಅಂಗೈಯನ್ನೇ ಮುಚ್ಚುವಷ್ಟಿತ್ತು. ಎದುರಿಗೆ ಅಪ್ಪ ಭೂತಗನ್ನಡಿ ಹಿಡಿದು ಕೂತಿದ್ದರು. ಮ್ಯೂಸಿಯಂನಲ್ಲಿ ಅವರು ನಿವೃತ್ತರಾಗಿ ಬಿಟ್ಟ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆ.

ಸಾಲಿನ ಮೊದಲ ಹಲ್ಲು ಅಪ್ಪನದೇ ಶೋಧ. ಅದರ ಬುಡದ ಎರಡೂ ಪಕ್ಕ ಪುಟ್ಟ ಮೊನೆಗಳಿವೆ. ಸಾಲಿನ ಕೊನೆಯ ಹಲ್ಲು ಮೊದಲೇ ಹೆಸರಿದ್ದ ದೈತ್ಯ ಶಾರ್ಕಿನದು, ಅದಕ್ಕೆ ಈ ಮೊನೆಗಳಿಲ್ಲ. ಹಾಗಾಗಿ ಇದು ಬೇರೆಯೇ ಜಾತಿ ಎಂದು ಸಾರಿ, ಅದಕ್ಕೆ ಅಮ್ಮನ ಹೆಸರಿಟ್ಟಿದ್ದರು. ಅಮ್ಮ ಅಂದಿನಿಂದ ನೆಂಟರಿಷ್ಟರ ಮುಂದೆಲ್ಲ ‘ನನ್ನ ಮೀನು’ ಅಂತಲೇ ಹೇಳಿಕೊಂಡು ಬಂದಿದ್ದಾರೆ.

ಮಗಳು ಸಾಲಿನುದ್ದಕ್ಕೂ ಬೆರಳಿನಲ್ಲೇ ತೋರಿಸಿದಳು. ಹಲ್ಲು ದೊಡ್ಡದಾದಂತೆಲ್ಲ ಪಕ್ಕದ ಮೊನೆಗಳು ಸಣ್ಣವಾಗುತ್ತಾ ಬಂದು, ಕೊನೆಯದರಲ್ಲಿ ಹೇಳಹೆಸರಿಲ್ಲದಂತೆ ಮಾಯವಾಗಿದ್ದವು.

“ಇದು ಬೇರೆ ಜಾತಿ ಅಲ್ಲಪ್ಪ,” ಅಂದಳು. “ಅದೇ ಶಾರ್ಕಿನ ಮರಿ. ಹಳೇ ಹೆಸರೇ ನಿಲ್ಲುತ್ತೆ. ಅಮ್ಮನ ಹೆಸರು ತೆಗೀಬೇಕು.”

ಅಪ್ಪ ಮೊಸರಿನಲ್ಲಿ ಕಲ್ಲು ಹುಡುಕುವ ಆಸಾಮಿ. ಕಾಫಿಗೆ ಸಕ್ಕರೆ ಒಂದು ಚಿಟಿಕೆ ಹೆಚ್ಚುಕಮ್ಮಿಯಾದರೂ ಲೋಟ ಅಡುಗೆಮನೆಗೆ ವಾಪಸ್. ಒಂದೊಂದೇ ಹಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲ ಒಂದೇ ಕಲ್ಲಿನ ಪದರದಲ್ಲಿ ಸಿಕ್ಕಿದ್ದೇ ಎಂದು ಕೇಳಿದರು, ಹೌದೆಂದಳು. ನಡುವಿನ ಅಳತೆಯದು ಯಾವುದಾದರೂ ಬಿಟ್ಟುಹೋಗಿದೆಯೇ ಎಂದರು, ಇಲ್ಲವೆಂದಳು. ಭೂತಗನ್ನಡಿ ಕೆಳಗಿಟ್ಟರು.

“ಹೆಸರಿಡೋ ಹಾಗಿಲ್ಲ,” ಅಂದರು.

ಅಪ್ಪನ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಮಗಳಿಗೆ ಹಿಗ್ಗಾಯಿತು. ಹಿಗ್ಗಿದ್ದಕ್ಕೆ ಮರುಗಳಿಗೆಯೇ ನಾಚಿಕೆಯೂ ಆಯಿತು, ಯಾಕೆಂದರೆ ಅಮ್ಮ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಡುಗೆಮನೆಯಿಂದಲೇ ಅಷ್ಟನ್ನೂ ಕೇಳಿಸಿಕೊಂಡಿದ್ದರು.

ಹಲ್ಲುಗಳಿಗೆ ತಾಗದ ಹಾಗೆ ಲೋಟಗಳನ್ನಿಟ್ಟು, “ಇದ್ದದ್ದು ಇದ್ದ ಹಾಗೇ ಬರಿ ಕಣೆ, ಅದಕ್ಕೇನಂತೆ,” ಅಂದರು ಅಮ್ಮ. ಆಮೇಲೆ ಸೇರಿಸಿದರು: “ನಾನು ಮಾಡಿದ್ದಕ್ಕೆಲ್ಲ ನಿಮ್ಮಪ್ಪ ಹೆಸರಿಟ್ಟರು. ನನ್ನ ಹೆಸರಿಟ್ಟಿದ್ದು ಅದೊಂದಕ್ಕೇ.”

ಅಪ್ಪ ತಲೆ ಎತ್ತಲಿಲ್ಲ. ಲೋಟ ತೆಗೆದುಕೊಂಡು ತಳ ಕಾಣುವವರೆಗೂ ಕುಡಿದು, “ಚೆನ್ನಾಗಿದೆ,” ಅಂದರು.

ಮಗಳು ತನ್ನ ಲೋಟದಿಂದ ಒಂದು ಗುಟುಕು ಕುಡಿದಳು. ಅಮ್ಮ ಸಕ್ಕರೆಯನ್ನೇ ಹಾಕಿರಲಿಲ್ಲ.