ಕೈಯಲ್ಲಿ ಆಡಿದ ಫುಟ್‌ಬಾಲ್

“ಫುಟ್‌ಬಾಲು ಅಂತೀರ, ಕೈಲಿ ಹಿಡ್ಕೊಂಡು ಓಡ್ದೆ ಅಂತೀರ. ಹಂಗಾದ್ರೆ ಆ ದೇಸದಲ್ಲಿ ಊಟ ಏನು ಕಾಲಲ್ಲಿ ಮಾಡ್ತಿದ್ರಾ, ಸ್ವಾಮೇರೆ?”

ಜರಗನಹಳ್ಳಿ ಕಬಡ್ಡಿ ತಂಡದ ನಾಯಕ ಚಿಕ್ಕಬೈರಪ್ಪ ಹೀಗೆ ಕೇಳಿದ್ದೇ ತಡ, ಜಯನಗರದ ಖಾಲಿ ಸೈಟುಗಳ ಬಯಲಿನಲ್ಲಿ ಎದ್ದ ನಗೆಗೆ ಲಾಲ್‌ಬಾಗಿನ ಬಾವಲಿಗಳೆಲ್ಲ ಹಾಡಹಗಲೇ ಎದ್ದು ಹಾರಿದವು. ಸೇತುರಾಮಯ್ಯನವರು ಮಾತ್ರ ನಗಲಿಲ್ಲ. ಸಾವಿರದ ಒಂಬೈನೂರ ಐವತ್ತೊಂಬತ್ತರ ಆ ಭಾನುವಾರಕ್ಕೆ ಅವರಿಗೆ ಅರವತ್ತೇಳು ವರ್ಷ. ರಿಟೈರಾದ ಇಂಜಿನಿಯರು, ತ್ಯಾಗರಾಜನಗರದಲ್ಲಿ ಸ್ವಂತ ಮನೆ. ಅದನ್ನೆಲ್ಲ ಅವರು ಲೆಕ್ಕಕ್ಕೇ ಇಟ್ಟವರಲ್ಲ. ಹೆಸರೇ ಸೇತುರಾಮ, ಸಮುದ್ರ ದಾಟದೆ ಇರುತ್ತಾರೆಯೇ? ಅಮೆರಿಕಕ್ಕೆ ಓದಲು ಹೋಗಿ, ಅಲ್ಲಿನ ಕಾಲೇಜಿಗೆ ಮೂರು ವರ್ಷ ಫುಟ್‌ಬಾಲ್ ಆಡಿದರು. ಒಂದು ಹಲ್ಲನ್ನೂ ಜುಟ್ಟನ್ನೂ ಅಲ್ಲೇ ಬಿಟ್ಟುಬಂದರು. ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ಮೈಮೇಲೆ ಬಿದ್ದ ಹತ್ತೊಂಬತ್ತು ಜನರನ್ನು ಹೊತ್ತುಕೊಂಡೇ ಗೆರೆ ದಾಟಿದರು. ಎದುರು ತಂಡದಲ್ಲಿ ಇದ್ದದ್ದೇ ಹನ್ನೊಂದು ಜನ. ಉಳಿದ ಎಂಟು ಮಂದಿ ಎಲ್ಲಿಂದ ಬಂದರು ಎಂದು ಕೇಳುವವರಿಗೆ ಕಥೆ ಕೇಳುವ ಯೋಗ್ಯತೆಯೇ ಇಲ್ಲ.

“ನಾನು ಸುಳ್ಳು ಹೇಳ್ತೀನಿ ಅಂತೀಯೇನಯ್ಯಾ?”

“ಸುಳ್ಳು ಅಂತ ನಾನೆಲ್ಲಂದೆ? ನಿಜಕ್ಕೆ ಒಸಿ ಬಾವು ಬಂದೈತೆ ಅಂದೆ.”

ಸೇತುರಾಮಯ್ಯನವರು ಪಂಚೆಯನ್ನು ಕಚ್ಚೆ ಹಾಕಿ ಬಿಗಿದರು. ಲೇಔಟಿನವರು ಕಡಿಯದೆ ಬಿಟ್ಟಿದ್ದ ತೆಂಗಿನ ಮರದ ಬುಡದಲ್ಲಿ ಸಿಪ್ಪೆ ಸುಲಿಯದ ಕಾಯಿಯೊಂದು ಬಿದ್ದಿತ್ತು. ಅದನ್ನು ಎತ್ತಿ ಹಿಡಿದು, “ನೋಡು, ಆ ಚೆಂಡೂ ಹೀಗೇ ಉದ್ದಕ್ಕೆ ಇರುತ್ತೆ. ಹಿಡ್ಕೊಂಡು ಓಡಬಹುದು, ನಮ್ಮ ಕಡೆಯವರಿಗೆ ಎಸೀಲೂಬಹುದು. ಕಾಯಿ ಆ ತುದೀಲಿರೋ ಸೈಟುಕಲ್ಲು ದಾಟಿದ್ರೆ ಗೆದ್ದ ಹಾಗೆ. ನಿನ್ನ ಏಳು ಜನಾನೂ ಅಡ್ಡ ನಿಲ್ಲಿಸು” ಎಂದರು.

“ಯಾರ್ಗೆ ಎಸೀತೀರ? ನಿಮ್ ಕಡೆ ಒಂದು ನರಪಿಳ್ಳೇನೂ ಇಲ್ಲ. ಹೋಗ್ಲಿ, ಸೋತ್ರೆ?”

“ಸೋತ್ರೆ ಸಾಯೋವರೆಗೂ ಅಮೆರಿಕ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ.”

ಅಂದ ಮೇಲೆ ಅವರೇ ಲೆಕ್ಕ ಹಾಕಿದರು. ಅಮೆರಿಕವನ್ನು ತೆಗೆದರೆ ಅವರಲ್ಲಿ ಉಳಿಯುತ್ತಿದ್ದುದು ಪಿಂಚಣಿ ಮತ್ತು ಮಂಡಿನೋವು. ಗೆದ್ದರೆ ಏನು ಎಂದು ಯಾರೂ ಕೇಳಲಿಲ್ಲ. ಅಂಥ ಪ್ರಶ್ನೆಯೊಂದು ಇದೆಯೆಂದು ಆ ಬಯಲಿನಲ್ಲಿ ಯಾರಿಗೂ ಹೊಳೆಯಲೇ ಇಲ್ಲ.

“ರೀ, ಸಾರು ಆರಿಹೋಗ್ತಾ ಇದೆ!” ಆಚೆ ತುದಿಯ ಸೈಟುಕಲ್ಲಿನ ಹಿಂದೆ, ಗಂಡನನ್ನು ಊಟಕ್ಕೆ ಕರೆಯಲು ಬಂದ ಅಮ್ಮಣ್ಣಿ ನಿಂತಿದ್ದರು.

“ಬಂದೆ ಕಣೇ!” ಎಂದವರೇ ಸೇತುರಾಮಯ್ಯನವರು ಓಟ ಕಿತ್ತರು. ಏನು ಓಟ! ಮಂಡಿಗಳು ದೀಪಾವಳಿಯ ಸರಪಟಾಕಿಯ ಹಾಗೆ ಸಿಡಿದವು. ಎದ್ದ ದೂಳಿಗೆ ಕನಕಪುರ ರಸ್ತೆಯ ಬಸ್ಸಿನವನು ಮಟಮಟ ಮಧ್ಯಾಹ್ನ ಲೈಟು ಹಾಕಿದ. ಎದುರು ಬಂದ ಮೊದಲನೆಯವನಿಗೆ ಎಡಕ್ಕೆ ವಾಲಿದಂತೆ ಮಾಡಿ ಬಲಕ್ಕೆ ಜಾರಿದರು. ಎರಡನೆಯವನ ಎದೆಗೆ ಅಂಗೈ ಕೊಟ್ಟು ತಳ್ಳಿದರು. ಅವನು ಬನಶಂಕರಿಯ ಕಡೆ ಹೋದವನು ಸಂಜೆಗೆ ವಾಪಸು ಬಂದ. ಇನ್ನು ಹತ್ತೇ ಮಾರು ಇತ್ತು. ಚಿಕ್ಕಬೈರಪ್ಪನ ಉಡದಂಥ ಕೈ ಕಾಲಿಗೆ ಬಿತ್ತು. ಬೆನ್ನ ಮೇಲೆ ಇಬ್ಬರು ಹತ್ತಿದರು. ಸೇತುರಾಮಯ್ಯನವರು ವಾಲಿದರು. ಹೋಯ್ತು, ಅಮೆರಿಕ ಹೋಯ್ತು.

ಆಗ, ಯಾರದೋ ಕಂಕುಳಿನ ಸಂದಿಯಿಂದ ಅವರಿಗೆ ಕಂಡಿತು. ಅಮ್ಮಣ್ಣಿ ಮೊದಲು ನಿಂತಿದ್ದ ಕಡೆ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರೂ ಅಡ್ಡವಿಲ್ಲದ ಎಡಗಡೆಗೆ ಮೂರು ಹೆಜ್ಜೆ ಸರಿದು, ಎರಡೂ ಕೈ ಎದೆಯ ಮುಂದೆ ಚಾಚಿ, ಬೆರಳು ಅಗಲಿಸಿ ನಿಂತಿದ್ದರು. ಹೇಗೆ ನಿಲ್ಲಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ನಲವತ್ತು ವರ್ಷ, ಅನ್ನಕ್ಕೆ ಹುಳಿ ಬಡಿಸುತ್ತಾ ಕೇಳಿದ್ದರು, ಅಷ್ಟೆ.

“ಎಸೀರಿ!”

ಎಸೆದರು. ಕಾಯಿ ಬುಗುರಿಯಂತೆ ತಿರುಗುತ್ತಾ ಮೇಲೇರಿತು. ಆಕಾಶದಲ್ಲಿ ಹದ್ದೊಂದು ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು. ಸೇತುರಾಮಯ್ಯನವರು ನೆಲಕ್ಕೆ ಬೀಳುವುದಕ್ಕೂ ಕಾಯಿ ಸೈಟುಕಲ್ಲಿನ ಆಚೆ ಅಮ್ಮಣ್ಣಿಯ ಕೈಗೆ ಇಳಿಯುವುದಕ್ಕೂ ಸರಿಹೋಯಿತು. ಒಂದು ಬಳೆ ಕೂಡ ಬಿರುಕು ಬಿಡಲಿಲ್ಲ.

“ಮೋಸ! ಹೆಂಗಸ್ರು ಆಟದಲ್ಲಿರ್ಲಿಲ್ಲ!” ಚಿಕ್ಕಬೈರಪ್ಪ ಕಾಲು ಹಿಡಿದುಕೊಂಡೇ ಕೂಗಿದ.

“ಅವರ ಕಡೆ ನಾನಲ್ದೆ ಇನ್ಯಾರಪ್ಪ ಇರ್ತಾರೆ?” ಎಂದರು ಅಮ್ಮಣ್ಣಿ.

ಚಿಕ್ಕಬೈರಪ್ಪ ಹಿಡಿದಿದ್ದ ಕಾಲು ಬಿಟ್ಟ. ಸೇತುರಾಮಯ್ಯನವರನ್ನು ಎಬ್ಬಿಸಿ ಕೂರಿಸಿ, ಬೆನ್ನಿನ ಮಣ್ಣು ಕೊಡವಿ, ತಾನೂ ಎದುರಿಗೆ ಚಕ್ಕಲಮಕ್ಕಲ ಹಾಕಿ ಕೂತ. “ತಪ್ಪಾಯ್ತು ಸ್ವಾಮೇರೆ. ಆ ಕೊನೇ ಪಂದ್ಯ... ಒಸಿ ಮೊದಲಿಂದ ಹೇಳಿ” ಎಂದ. ಸುತ್ತಲೂ ಜರಗನಹಳ್ಳಿಯೇ ಬಂದು ಕೂತಿತು.

ಇಷ್ಟು ವರ್ಷಗಳಲ್ಲಿ ಯಾರಾದರೂ ತಾವಾಗಿಯೇ ಕೇಳಿದ್ದು ಇದೇ ಮೊದಲು. ಸೇತುರಾಮಯ್ಯನವರು ಬಾಯಿ ತೆರೆದರು. ಉಸಿರು ಬಂತೇ ಹೊರತು ಮಾತು ಬರಲಿಲ್ಲ. ಕಣ್ಣು ಒರೆಸಿಕೊಂಡು ಹೆಂಡತಿಯ ಕಡೆ ಕೈ ತೋರಿಸಿದರು.

ಅಮ್ಮಣ್ಣಿ ಸೈಟುಕಲ್ಲಿನ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು.

“ಹದಿನಾಲ್ಕನೇ ಇಸವಿ. ನನಗಾಗ ಎಂಟು ವರ್ಷ, ಶ್ರೀರಂಗಪಟ್ಟಣದಲ್ಲಿ ಕುಂಟೆಬಿಲ್ಲೆ ಆಡ್ಕೊಂಡಿದ್ದೆ. ಬೆಳಗ್ಗೆಯಿಂದ ಹಿಮ ಬೀಳ್ತಾ ಇತ್ತು. ನಮ್ಮ ಟೀಮು ಐದು ಪಾಯಿಂಟ್ ಹಿಂದೆ ಇತ್ತು.”