ಹದಿನೇಳನೆಯ ಉತ್ತರ

“ಯಾರು ತೋರಿಸಿದ್ರು?” ಸುಧಾರಾಣಿ ಮೂರನೆಯ ಸಲ ಕೇಳಿದಳು.

ಎದುರಿಗೆ ನಿಂತ ಆಫ್ರೀನ್ ನೆಲ ನೋಡಿದಳು. ಅಳಲೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮಕ್ಕಳನ್ನು ಹದಿನಾರು ವರ್ಷ ನೋಡಿದ ವಿಜ್ಞಾನದ ಟೀಚರು ಸುಧಾರಾಣಿ. ಹತ್ತನೆಯ ತರಗತಿಯ ಈ ಹುಡುಗಿ ಹೆಗಲೂ ಮುಟ್ಟಿಕೊಳ್ಳಲಿಲ್ಲ.

ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟದ ವಿಜ್ಞಾನ ರಸಪ್ರಶ್ನೆ. ಸಿರುಗುಪ್ಪದ ಈ ಸರಕಾರಿ ಪ್ರೌಢಶಾಲೆಯಿಂದ ಇಬ್ಬರ ತಂಡ. ಆಯ್ಕೆಗೆಂದು ಇಟ್ಟ ಪರೀಕ್ಷೆಯಲ್ಲಿ ಆಫ್ರೀನಳಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು, ಹುಲುಗೇಶನಿಗೆ ಇಪ್ಪತ್ನಾಲ್ಕು. ತಂಡ ಸಿದ್ಧವಾಯಿತು ಅನ್ನುವಷ್ಟರಲ್ಲಿ ಹುಲುಗೇಶ ಉತ್ತರಪತ್ರಿಕೆ ಹಿಡಿದು ಬಂದಿದ್ದ.

“ಟೀಚರ್, ನಮ್ಮ ಸಂಡೂರಿನ ಅದಿರು ಹೆಮಟೈಟ್ ಅಲ್ಲೇನ್ರಿ? ನೀವು ತಪ್ಪು ಹಾಕೀರಿ.”

ಹೌದು, ಹೆಮಟೈಟ್. ಅದಿರಿನ ಲಾರಿಗಳ ಕೆಂಪು ಧೂಳು ಕುಡಿದು ಬೆಳೆದ ಜಿಲ್ಲೆಯಲ್ಲಿ ಇದು ಗೊತ್ತಿಲ್ಲದವರು ಯಾರು? ಆದರೆ ಸುಧಾರಾಣಿಯೇ ಬರೆದಿಟ್ಟ ಸರಿಯುತ್ತರಗಳ ಹಾಳೆಯಲ್ಲಿ ಹದಿನೇಳನೆಯದಕ್ಕೆ ‘ಮ್ಯಾಗ್ನಟೈಟ್’ ಎಂದಿತ್ತು.

ತನ್ನ ತಪ್ಪು ಕಂಡು ಅವಳಿಗೆ ನಾಚಿಕೆಯೂ ಆಗಲಿಲ್ಲ. ಜುಲೈಯಲ್ಲಿ ಗಂಡ ಸಿದ್ದಲಿಂಗೇಶ್ ಕೂತ ಕುರ್ಚಿಯಲ್ಲೇ ಹೋಗಿಬಿಟ್ಟ ಮೇಲೆ ಅವಳ ಕೈಗಳಷ್ಟೇ ಕೆಲಸ ಮಾಡುತ್ತಿದ್ದವು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಇದೂ ಅಂಥದೇ ಇನ್ನೊಂದು ಎಂದುಕೊಂಡು ಹುಲುಗೇಶನ ಅಂಕ ತಿದ್ದಿದಳು.

ಆಮೇಲೆ ಮಿಕ್ಕ ಪತ್ರಿಕೆಗಳನ್ನು ತಿರುವಿದಳು. ಮೂವತ್ತೊಂದು ಮಕ್ಕಳಲ್ಲಿ ಮ್ಯಾಗ್ನಟೈಟ್ ಎಂದು ಬರೆದವಳು ಒಬ್ಬಳೇ. ಆಫ್ರೀನ್.

ಸರಿಯುತ್ತರ ಯಾರಿಗಾದರೂ ಹೊಳೆಯಬಹುದು. ಟೀಚರ ತಪ್ಪು ಹೇಗೆ ಹೊಳೆಯುತ್ತದೆ? ಆ ಹಾಳೆ ಎರಡು ದಿನ ಸ್ಟಾಫ್ ರೂಮಿನ ಕಪಾಟಿನಲ್ಲಿತ್ತು. ಹಾಜರಿ ಪುಸ್ತಕ ತರಲು ದಿನಾ ಅಲ್ಲಿಗೆ ಹೋಗುವವಳು ಇದೇ ಹುಡುಗಿ. ಮೇಲಾಗಿ ಉಳಿದವರೆಲ್ಲ ಭೀಮರಾಜ ಸರ್ ಟ್ಯೂಷನ್ನಿಗೆ ಹೋಗಿ ಅಲ್ಲಿಯ ಗೈಡನ್ನು ಉರುಹೊಡೆಯುವವರು. ಟ್ಯೂಷನ್ನಿನ ಮೆಟ್ಟಿಲೂ ಹತ್ತದ ಇವಳಿಗೆ ಪೂರ್ತಿ ಅಂಕ.

“ಕಪಾಟು ಯಾರು ತೆಗೆದುಕೊಟ್ರು? ಅಟೆಂಡರ್ ದುರುಗಣ್ಣನಾ?”

“ಅಲ್ರಿ ಟೀಚರ್. ಕಪಾಟು ನಾ ಮುಟ್ಟಿಲ್ರಿ.”

“ಮತ್ತ ಈ ಉತ್ತರ ನಿನಗ ಯಾರು ಹೇಳಿದ್ರು?”

ಆಫ್ರೀನ್ ಒಮ್ಮೆ ಅವಳ ಮುಖ ನೋಡಿದಳು. ಬೋಳು ಹಣೆಯನ್ನು ನೋಡಿದಳು. ಮತ್ತೆ ನೆಲ ನೋಡಿದಳು.

“ಹೇಳಾಕ ಆಗಂಗಿಲ್ರಿ. ಹೇಳಿದ್ರ ಅವರ ಮನಸಿಗೆ ಭಾಳ ನೋವಾಕೈತಿ.”

ಅಂದರೆ ಯಾರೋ ಇದ್ದಾರೆ. ಸುಧಾರಾಣಿಗೆ ಅಷ್ಟು ಸಾಕಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪಟ್ಟಿಯಲ್ಲಿ ಆಫ್ರೀನಳ ಹೆಸರು ಹೊಡೆದು ಮೂರನೆಯ ಸ್ಥಾನದ ಪಂಪಾವತಿಯ ಹೆಸರು ಬರೆದಳು. ಹೆಡ್ ಮಾಸ್ತರು ಅದನ್ನು ಅಂದೇ ಬಳ್ಳಾರಿಗೆ ಕಳಿಸಿದರು.

ಮರುದಿನ ಆಫ್ರೀನಳ ಅಪ್ಪ ರಾಜೇಸಾಬ್ ಬಂದ. ಗಾದಿ ಹೊಲಿಯುವವನು, ಹುಬ್ಬಿನ ಮೇಲೂ ಹತ್ತಿ. ತಂಡಕ್ಕೆ ಸೇರಿದರೆ ಕಾಲೇಜಿಗೆ ಕಳಿಸುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟವನು, ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದವನು. ಜಗಳಕ್ಕೆ ಬಂದಿದ್ದಾನೆ ಎಂದು ಸುಧಾರಾಣಿ ಎದ್ದು ನಿಂತಳು.

“ತಪ್ಪಾತ್ರಿ ಟೀಚರ್,” ಎಂದು ಅವನೇ ಕೈ ಮುಗಿದ. “ಕದ್ದು ಬರಿಯೋ ಬುದ್ಧಿಗೆ ಕಾಲೇಜ್ ಯಾಕ್ರಿ? ಹತ್ತನೇದು ಮುಗಿದ ಮ್ಯಾಲ ಮನ್ಯಾಗ ಕುಂತು ಗಾದಿ ಹೊಲೀಲಿ.”

ಸುಧಾರಾಣಿ ಹೌದೆಂಬಂತೆ ತಲೆಯಾಡಿಸಿದಳು. ಬೇಡ ಅನ್ನಬಹುದಿತ್ತು. ಆ ದಿನಗಳಲ್ಲಿ ಯಾವ ಮಾತನ್ನೂ ಆಡಲು ಅವಳಿಗೆ ಮನಸ್ಸಿರಲಿಲ್ಲ, ಅಷ್ಟೇ.

ಸ್ಪರ್ಧೆಯ ದಿನ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಕಿಟಕಿಯಾಚೆ ಭತ್ತದ ಗದ್ದೆಗಳು ಹಿಂದೆ ಸರಿದವು. ಅವಳು ನೋಡಿದಳು, ಅವಳಿಗೆ ಏನೂ ಕಾಣಲಿಲ್ಲ. ಕುರುಗೋಡು ದಾಟಿದ ಮೇಲೆ ಪಕ್ಕದಲ್ಲಿ ಪಂಪಾವತಿ ಗುನುಗುನು ಓದುತ್ತಿರುವುದು ಕಿವಿಗೆ ಬಿತ್ತು. ತೊಡೆಯ ಮೇಲೆ ನೀಟಾಗಿ ಬೈಂಡ್ ಹಾಕಿದ ನೋಟ್‌ಬುಕ್ಕು.

“ಯಾರದು?”

“ಆಫ್ರೀನಂದ್ರಿ. ನೀವು ಬೋರ್ಡ್ ಮ್ಯಾಲ ಬರೆದಿದ್ದು ಒಂದಕ್ಷರ ಬಿಡದಂಗ ಬರಕೊಂಡಾಳ. ನಾವೆಲ್ಲ ನಿಮ್ಮ ಸೈನಿಗೆ ಅಂತ ಗೀಚಿ, ಟ್ಯೂಷನ್ ಗೈಡ್ ಓದ್ತೀವ್ರಿ. ಆಕಿ ಇದನ್ನಽ ಬಾಯಿಪಾಠ ಮಾಡ್ತಾಳ.” ಪಂಪಾವತಿ ಪುಟ ತಿರುವಿದಳು. “ಒಂದು ಪುಟ ಮಾತ್ರ ಓದಬ್ಯಾಡ, ಟೀಚರಿಗೂ ತೋರಿಸಬ್ಯಾಡ ಅಂದಾಳ್ರಿ. ಯಾಕೋ ಏನೋ.”

ಸುಧಾರಾಣಿ ಕೈ ಚಾಚಿದಳು. ಮೂಲೆ ಮಡಚಿದ್ದ ಪುಟ ತಾನಾಗಿ ತೆರೆದುಕೊಂಡಿತು.

‘ಬಳ್ಳಾರಿ ಜಿಲ್ಲೆಯ ಮುಖ್ಯ ಕಬ್ಬಿಣದ ಅದಿರು: ಮ್ಯಾಗ್ನಟೈಟ್’, ಕೆಳಗೆ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಅವಳದೇ ಅಕ್ಷರ, ಅವಳದೇ ಸಹಿ, ಗಂಡನ ದಿನಕರ್ಮ ಮುಗಿಸಿ ಅವಳು ಶಾಲೆಗೆ ಮರಳಿದ ದಿನದ ತಾರೀಖು.