ಗಡಿಯಾರದ ಪಕ್ಕದ ಐಕಾನ್

ಗಂಡ ತೀರಿಕೊಂಡ ಮೇಲೆ ಅವಳು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆಗಳನ್ನು ಮಾಡಿಕೊಡುತ್ತಿದ್ದಳು. ಆ ಕಂಪ್ಯೂಟರನ್ನು ಸರಿಮಾಡಿಕೊಡುತ್ತೇನೆಂದು ಮೈದುನ ಕರೆಯದೆಯೇ ಬಂದ. ಅವಳು ಚಹಾ ತಂದಾಗ ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಹೊಸ ಐಕಾನೊಂದು ಕಾಣಿಸಿತು. ಅವಳನ್ನು ನೋಡಿದವನೇ ಅವನು ಏನೋ ಒತ್ತಿದ. ಐಕಾನ್ ಮಾಯವಾಯಿತು.

"ಏನದು?"

"ಆಂಟಿವೈರಸ್ ರೀ ವೈನಿ. ಕಣ್ಣಿಗೆ ಕಿರಿಕಿರಿ ಅಂತ ಮುಚ್ಚೀನಿ."

"ಹಂಗಂದ್ರ ಬಂದ್ ಆತೇನು?"

"ಇಲ್ಲರಿ, ಒಳಗ ನಡೀತಿರತದ. ನೀವು ಚಿಂತಿ ಬಿಡ್ರಿ."

ಮರುದಿನ ಅವಳು ಒಂದು ಲಗ್ನಪತ್ರಿಕೆ ಮಾಡಿ, ಯಾರಿಗೂ ಕಳಿಸದೆ ಕಂಪ್ಯೂಟರಿನಲ್ಲೇ ಬಿಟ್ಟಳು.

ಸಂಜೆ ಮೈದುನ ತಾಯಿಯನ್ನು ಕರೆದುಕೊಂಡು ಬಂದ.

"ನನ್ನ ಮಗನ ವರ್ಷದ ತಿಥಿ ಸುದ್ದಾ ಆಗಿಲ್ಲ, ಆಗಲೇ ಇನ್ನೊಂದು ಮದುವಿ ಏನವಾ?" ಎಂದು ಅತ್ತೆ ಗದರಿದಳು.

"ಯಾರು ಹೇಳಿದ್ರು, ಅತ್ತಿ?"

"ಸುಳ್ಳು ಹೇಳಬ್ಯಾಡ್ರಿ ವೈನಿ!" ಮೈದುನ ಮೊಬೈಲಿನಲ್ಲಿ ಬ್ರೌಸರ್ ತೆರೆದು ಪತ್ರಿಕೆ ತೋರಿಸಿದ. ವಧುವಿನ ಜಾಗದಲ್ಲಿ ಅವಳ ಹೆಸರಿತ್ತು. "ಯಾರಿಂವ, ಈ ಬಸಲಿಂಗ?"

ಅವಳು ಅತ್ತೆಯ ಕಡೆ ತಿರುಗಿದಳು.

"ಅಂಥಾವ ಯಾರೂ ಇಲ್ಲ, ಅತ್ತಿ. ನನ್ನ ಕಂಪ್ಯೂಟರ್ ಬಿಟ್ಟು ಎಲ್ಲೂ ಇರದ ಪತ್ರಿಕಿ ಇವರ ಮೊಬೈಲ್‌ನಾಗ ಹೆಂಗ ಬಂತು, ಕೇಳ್ರಿ."